ಗವಿಯೊಳಗೆ ಹೆಸರು ಹಿಡಿದು ಕರೆಯಬೇಡಿ

"ಏಳೋ ಸೋಮಾರಿ! ನಿನ್ನೆ ಸಂಜೆ ಹೊಟ್ಟೆ ತುಂಬ ಕುಡಿಸಿದ್ದೀನಿ, ಇನ್ನೇನು ಬೇಕು ನಿಂಗೆ?"

ತೂದಾ ಬೈಯುತ್ತಿರುವುದು ಜನರೇಟರಿಗೆ. ಬೆಳಗಿನ ನಮಾಜು ಮುಗಿದು ಕೆಳಗಿನ ಹಳ್ಳಿಯಲ್ಲಿ ಒಲೆಗಳು ಈಗಷ್ಟೇ ಹೊತ್ತಿಕೊಳ್ಳುತ್ತಿವೆ. ಗವಿಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕೂತ ಈ ಐವತ್ತು ದಾಟಿದ ಹೆಂಗಸು ಹಗ್ಗ ಸುತ್ತಿ ಎಳೆಯುತ್ತಾರೆ. ಯಂತ್ರ ಕೆಮ್ಮಿ ಸುಮ್ಮನಾಗುತ್ತದೆ. ಮತ್ತೆ ಬೈಗುಳ, ಮತ್ತೆ ಎಳೆತ. ಕೊನೆಗೆ ಒಂದು ಒದೆ ಬಿದ್ದ ಮೇಲೆ ಅದು ಗುಡುಗುಡು ಎನ್ನುತ್ತದೆ, ಆಳದಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತದೆ. ತೂದಾ ಜೆಲ್ಲಾಬಾ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದು ಇಳಿಯುತ್ತಾರೆ. ರಾತ್ರಿಯಿಡೀ ಬಾವಲಿಗಳು ಹಾಕಿದ ಹಿಕ್ಕೆಯನ್ನು ಜನ ಬರುವುದರೊಳಗೆ ಗುಡಿಸಿ ಮುಗಿಸಬೇಕು.

"ಒಟ್ಟು ಎಷ್ಟು ಮೆಟ್ಟಿಲು, ಲಾಲ್ಲಾ ತೂದಾ?" ಎಂದು ಹಿಂದಿನಿಂದ ಏದುಸಿರು ಬಿಡುತ್ತ ಕೇಳುತ್ತೇನೆ. ದೊಡ್ಡ ಹೆಂಗಸರನ್ನು ಲಾಲ್ಲಾ ಎನ್ನುವುದು ಇಲ್ಲಿಯ ರೂಢಿ.

"ಇಳಿಯೋವಾಗ ಕಮ್ಮಿ, ಹತ್ತೋವಾಗ ಜಾಸ್ತಿ. ಬರ್ಕೊಳ್ಳಿ ತಂಗಿ."

ಬರೆದುಕೊಂಡಿದ್ದೇನೆ. ಪುರವಣಿಯ ಸಂಪಾದಕರು ಅಂಕಿಅಂಶ ಕೇಳಿದ್ದರು, ಇಷ್ಟೇ ಸಿಕ್ಕಿದ್ದು. ಶುಕ್ರವಾರ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲವಂತೆ, ಹಿಮ ಬಿದ್ದರೆ ವಾರಗಟ್ಟಲೆ ಒಂದು ನರಪಿಳ್ಳೆಯೂ ಬರುವುದಿಲ್ಲವಂತೆ. ನಿಜ ಹೇಳಬೇಕೆಂದರೆ, ಇದನ್ನು ಬರೆಯಲು ಕೂತಿರುವುದು ಇದು ಮೂರನೇ ಸಲ. ಆ ದಿನ ಏನು ನಡೆಯಿತೆಂದು ಚೆನ್ನಾಗಿ ಗೊತ್ತು. ಅದರಿಂದ ಏನು ತಿಳಿದುಕೊಳ್ಳಬೇಕು ಎನ್ನುವುದು ಮಾತ್ರ ಇನ್ನೂ ತಲೆಗೆ ಹತ್ತಿಲ್ಲ.

ತಾಝಾ ಪಟ್ಟಣದ ಮೇಲಿನ ಬೆಟ್ಟಗಳಲ್ಲಿರುವ ಈ ಗವಿಗೆ ಇಫ್ರಿ ಉಮ್ಲಿಲ್, ಅಂದರೆ ಬಿಳಿ ಗವಿ, ಎಂದು ಹೆಸರು. ರಾಷ್ಟ್ರೀಯ ಉದ್ಯಾನದವರು ಬಾಯಲ್ಲಿ ನೆಟ್ಟ ಫಲಕದ ಮೇಲೆ ಇದನ್ನು 'ಕಂಡುಹಿಡಿದ' ಫ್ರೆಂಚ್ ಕ್ಯಾಪ್ಟನ್ ಒಬ್ಬನ ಹೆಸರಿದೆ. ತೂದಾ ಅದನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. "ಅವನು ಬರೋ ಹೊತ್ತಿಗೆ ನಮ್ಮಜ್ಜಿ ಇಲ್ಲಿ ಮಣ್ಣು ಅಗೀತಿದ್ಲು. ಪಾಪ, ದಾರಿ ಕೇಳಿದ, ತೋರಿಸಿದ್ಲು. ಅಷ್ಟಕ್ಕೇ ಇಷ್ಟು ದೊಡ್ಡ ಬೋರ್ಡಾ!"

ತೂದಾರ ಗಂಡ ಇಲ್ಲಿ ದೀಪ ಹಿಡಿದು ಜನರನ್ನು ಕರೆದೊಯ್ಯುವ ಕೆಲಸದಲ್ಲಿದ್ದರು. ಎದೆನೋವಿನಿಂದ ಅವರು ಹೋದ ಮೇಲೆ ಕೆಲಸ ಇವರಿಗೆ ಬಂತು, ತಾತ್ಕಾಲಿಕವಾಗಿ. ಆ ತಾತ್ಕಾಲಿಕಕ್ಕೆ ಈಗ ಮೊಮ್ಮಕ್ಕಳಾಗಿದ್ದಾರೆ. ಕಾಯಂ ಮಾಡುವ ಮಾತು ಈ ವರ್ಷ ಮೊದಲ ಸಲ ಎದ್ದಿದೆ. ಅದನ್ನು ಹೇಳುವಾಗ ತೂದಾ ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತಾರೆ. ಆ ಒಂದು ಆಸೆಗಾಗಿಯೇ ಅವರು ಬಾಯಿ ಮುಚ್ಚಿಕೊಂಡಿದ್ದರು. ಬಾಯಿ ಮುಚ್ಚಿಕೊಂಡಿದ್ದಕ್ಕೇ ಅಷ್ಟೆಲ್ಲ ಆದದ್ದು.

ವಿಷಯ ಇದು. ಹಿಂದೆ ಈ ಬೆಟ್ಟದ ಹೆಂಗಸರು ಉಣ್ಣೆ ಬೆಳ್ಳಗಾಗಿಸುವ ಮಣ್ಣಿಗಾಗಿ ಈ ಗವಿಗೆ ಇಳಿಯುತ್ತಿದ್ದರು. ಮೊದಲ ಸಲ ಬರುವ ಹುಡುಗಿಗೆ ಗುಂಪಿನ ಹಿರಿಯಳು ಬಾಯಲ್ಲೇ ನಿಲ್ಲಿಸಿ ಒಂದು ಹೆಸರು ಕೊಡುತ್ತಿದ್ದಳು. ಅಡುಗೆಮನೆಯ ಸಾಮಾನಿನ ಹೆಸರು. ಅದು ಸಾಯುವವರೆಗೂ ಅವಳದೇ, ಆದರೆ ಗವಿಯೊಳಗೆ ಮಾತ್ರ. ಒಳಗೆ ಸ್ವಂತ ಹೆಸರಿನಿಂದ ಯಾರನ್ನೂ ಕರೆಯುವಂತಿಲ್ಲ.

"ಯಾಕೆ?"

"ಜಾಗ ನಮ್ದಲ್ವಲ್ಲ. ಅವರ್ದು. ಹೆಸರು ಕೇಳಿದ್ರೆ ಕಲ್ತುಬಿಡ್ತಾರೆ. ಆಮೇಲೆ ಅವರೇ ಕರೀತಾರೆ."

"ಅವರು ಅಂದ್ರೆ?"

"ಅವರೇ."

"ಕರೆದ್ರೆ?"

"ಓಗೊಡಬಾರದು. ನಮ್ಮೋರು ಯಾರೂ ಒಳಗೆ ಹೆಸರು ಹಿಡಿದು ಕರೆಯಲ್ಲ. ಕರೆದ್ರು ಅಂದ್ರೆ, ಅದು ನಮ್ಮೋರಲ್ಲ ಅಂತಾನೇ ಅರ್ಥ."

ಉದ್ಯಾನ ಬಂದ ಮೇಲೆ ಮಣ್ಣು ಅಗೆಯುವುದು ನಿಂತಿತು. ಆದರೆ ತೂದಾ ಪ್ರವಾಸಿಗರಿಗೂ ಹೆಸರು ಕೊಡುತ್ತ ಬಂದರು. ಜಡ್ಜ್ ಸಾಹೇಬರೊಬ್ಬರು ಇಡೀ ಮಧ್ಯಾಹ್ನ 'ಸೌಟು' ಆಗಿದ್ದು ನಕ್ಕು ಹೋದರಂತೆ. ಹೋದ ತಿಂಗಳು ಬಂದ ಹೊಸ ಅಧಿಕಾರಿಗೆ ಮಾತ್ರ ನಗು ಬರಲಿಲ್ಲ. "ಇದು ರಾಷ್ಟ್ರೀಯ ಉದ್ಯಾನ, ಅಜ್ಜಿಕಥೆಯ ಜಗಲಿಯಲ್ಲ" ಎಂದುಬಿಟ್ಟರು. ಕಾಯಂ ಆಗಬೇಕಲ್ಲ, ತೂದಾ ಹೂಂ ಎಂದು ಹೆಸರು ಕೊಡುವುದನ್ನು ನಿಲ್ಲಿಸಿದರು.

ಆ ದಿನ ಮೊದಲ ಗುಂಪಿನಲ್ಲಿ ನಾನಿದ್ದೆ, ಮೆಕ್ನೆಸ್‌ನ ಕ್ಷೌರಿಕ ಒಬ್ಬರಿದ್ದರು, ಫೆಸ್‌ನಿಂದ ಕಾರಿನಲ್ಲಿ ಬಂದ ಒಂದು ಕುಟುಂಬವಿತ್ತು: ಬಟ್ಟೆ ವ್ಯಾಪಾರಿ ದ್ರೀಸ್, ಹೆಂಡತಿ ಸೌದಾ, ದ್ರೀಸರ ತಾಯಿ, ಹಜ್ ಯಾತ್ರೆ ಮುಗಿಸಿ ಬಂದ ಹಾಜ್ಜಾ ಜ್ಹೂರ್. "ಸಮುದ್ರಕ್ಕೆ ಹೋಗೋಣ ಅಂದ್ರೆ ಗವೀನೇ ಆಗ್ಬೇಕಂತೆ. ಎಪ್ಪತ್ತರ ಮೇಲೆ ಇದೆಂಥ ಹಟ ನೋಡಿ!" ಎಂದು ದ್ರೀಸ್ ನನ್ನ ಹತ್ತಿರ ಗೊಣಗಿದರು. ಹಾಜ್ಜಾ ಕಿವಿಗೆ ಹಾಕಿಕೊಳ್ಳಲಿಲ್ಲ. ಗವಿಯ ಬಾಯಿಗೆ ಬಂದು, ತೂದಾರ ಎದುರು ಗಕ್ಕನೆ ನಿಂತುಬಿಟ್ಟರು. ಮುಖ ಎತ್ತಿ ಸುಮ್ಮನೆ ನೋಡುತ್ತ ನಿಂತರು. ತೂದಾಗೂ ಏನೆಂದು ತಿಳಿಯಲಿಲ್ಲ. "ಬನ್ನಿ ಹಾಜ್ಜಾ, ಕಂಬಿ ಹಿಡ್ಕೊಳ್ಳಿ" ಎಂದರು. ಹಾಜ್ಜಾ ಇನ್ನೂ ಅರೆಗಳಿಗೆ ಕಾದು, ಏನೋ ಸಿಗಲಿಲ್ಲವೆಂಬ ಮುಖ ಮಾಡಿ ಇಳಿದರು.

ಕೆಳಗಿನ ಪಡಸಾಲೆಯಲ್ಲಿ ಒಂದು ಮಸೀದಿಯನ್ನು ಮಿನಾರಿನ ಸಮೇತ ನಿಲ್ಲಿಸಬಹುದು. ಒಗೆದು ಹರವಿದ ಉಣ್ಣೆಯಂತೆ ಬಿಳಿ ಕಲ್ಲು ಮಡಿಕೆ ಮಡಿಕೆಯಾಗಿ ಇಳಿಬಿದ್ದಿದೆ, ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತದೆ. ತಲೆ ಎತ್ತಿ ನೋಡಿದವಳು ಬಾಯಿ ತೆರೆದೇ ನಿಂತಿದ್ದೇನೆ. ಅಷ್ಟರಲ್ಲಿ ಮೇಲೆ ಜನರೇಟರು ಕೆಮ್ಮುವುದು ಕೇಳಿಸುತ್ತದೆ, ದೀಪ ಪೂರ್ತಿ ಆರುತ್ತದೆ.

ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕೈಗೆ ಸಿಕ್ಕ ತೋಳೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು, "ಹೆದರ್ಬೇಡಿ ಹಾಜ್ಜಾ, ನಾನಿದ್ದೀನಿ" ಎಂದು ಧೈರ್ಯ ಹೇಳುತ್ತೇನೆ. ತೂದಾ ಟಾರ್ಚ್ ಹಚ್ಚಿ, "ಯಾರೂ ಅಲ್ಲಾಡ್ಬೇಡಿ" ಎಂದು ಕೂಗಿ, ಮೆಟ್ಟಿಲು ಹತ್ತಿ ಓಡುತ್ತಾರೆ. ತುಂಬ ಹೊತ್ತಾದ ಮೇಲೆ ದೀಪ ಬರುತ್ತದೆ. ನಾನು ಹಿಡಿದಿರುವುದು ಮೆಕ್ನೆಸ್‌ನ ಕ್ಷೌರಿಕರ ತೋಳು.

"ಹೆದರಿಲ್ಲಮ್ಮ ನಾನು," ಎನ್ನುತ್ತಾರೆ ಅವರು, ತೋಳು ಬಿಡಿಸಿಕೊಳ್ಳದೆ.

ಹಾಜ್ಜಾ ಇಲ್ಲ. ಹೆಂಡತಿ ಹಿಡಿದುಕೊಂಡಿದ್ದಾಳೆಂದು ದ್ರೀಸ್ ಅಂದುಕೊಂಡಿದ್ದರು, ಗಂಡನ ಪಕ್ಕದಲ್ಲಿದ್ದಾರೆಂದು ಸೌದಾ. ಮೇಲಕ್ಕೆ ಹೋಗಿರಬಹುದೇ? ಇಳಿದು ಬಂದ ತೂದಾ, "ಮೆಟ್ಟಿಲ ಮೇಲೆ ಒಂದು ಇಲೀನೂ ಇಲ್ಲ" ಎನ್ನುತ್ತಾರೆ. ಉಳಿದದ್ದು ಒಂದೇ ದಾರಿ, ಕಂಬಿಯ ಆಚೆಯ ಕತ್ತಲೆ. ಅಲ್ಲಿ ದೀಪವಿಲ್ಲ. ನೆಲ ಜಾರಿಕೆಯಾಗಿ ಇಳಿದು, ಕಪ್ಪು ನೀರಿನ ಗುಂಡಿಯೊಂದಕ್ಕೆ ಸೇರುತ್ತದೆ. ಹಾಜ್ಜಾರ ಕಾಲಲ್ಲಿರುವುದು ಮೆದು ಚರ್ಮದ ಚಪ್ಪಲಿ.

"ಅಮ್ಮಾ! ಹಾಜ್ಜಾ ಜ್ಹೂರ್!" ದ್ರೀಸ್ ಕೂಗುತ್ತಾರೆ. ಕೂಗು ಗೋಡೆ ಗೋಡೆಗೆ ಬಡಿದು, ಎಡದಿಂದ, ಬಲದಿಂದ, ಮೇಲಿನಿಂದ, ಹತ್ತು ಜನ ದ್ರೀಸರು ಕೂಗಿದಂತೆ ಹಿಂದಿರುಗುತ್ತದೆ. ಉತ್ತರವಿಲ್ಲ. ತೂದಾ ಕಂಬಿ ದಾಟಿ ಟಾರ್ಚ್ ಹಿಡಿದು ಹೋಗುತ್ತಾರೆ, ತಪ್ಪು ಸಂದಿಯಲ್ಲಿ ನುಗ್ಗಿ ವಾಪಸು ಬರುತ್ತಾರೆ. ಎಲ್ಲಿ ನೋಡಿದರೂ ಬಂಡೆ, ಬಂಡೆಯ ಹಿಂದೆ ಬಂಡೆ. ದ್ರೀಸ್ ಗಂಟಲು ಕಿತ್ತುಹೋಗುವಂತೆ ಕೂಗುತ್ತಲೇ ಇದ್ದಾರೆ.

ಇದ್ದಕ್ಕಿದ್ದಂತೆ ತೂದಾ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ನನ್ನ ಬುದ್ಧಿಗಿಷ್ಟು! ಹಾಜ್ಜಾ ಗವಿ ಬಾಯಲ್ಲಿ ನಿಂತಿದ್ದು ಹೆಸರಿಗೆ! ನಿನ್ನ ಗವಿಹೆಸರೇನು ಅಂತ ಕೇಳ್ತೀನೇನೋ ಅಂತ ಕಾಯ್ತಿದ್ಲು! ದ್ರೀಸ್ ಸಾಹೇಬ್ರೇ, ನಿಮ್ಮಮ್ಮ ಎಲ್ಲಿಯವರು?"

"ಫೆಸ್‌ನವರು. ಇನ್ನೆಲ್ಲಿಯವರು?"

"ಅದಕ್ಕೂ ಮುಂಚೆ?"

"ಮುಂಚೆ ಅಂದ್ರೆ? ಫೆಸ್‌ನವರೇ!"

ಸೌದಾ ಮೆಲ್ಲನೆ ಬಾಯಿಬಿಡುತ್ತಾರೆ. "ನಿದ್ದೇಲಿ ಅತ್ತೆ ಬೇರೆ ಮಾತಾಡ್ತಾರೆ. ಇವರೆಲ್ಲ ಆಡ್ತಾರಲ್ಲ, ಈ ಗುಡ್ಡದ ಮಾತು."

"ನಾನು ಯಾವತ್ತೂ ಕೇಳಿಲ್ಲ!"

"ನೀವು ಗೊರಕೆ ಹೊಡೀತಿರ್ತೀರಿ."

"ಹಾಗಾದ್ರೆ ಕೂಗೋದು ನಿಲ್ಸಿ," ಎನ್ನುತ್ತಾರೆ ತೂದಾ. "ನೀವು ಕೂಗಿದಷ್ಟೂ ಅವಳು ಬಾಯಿ ಬಿಗಿಹಿಡೀತಾಳೆ."

"ನಾನು ಮಗ! ಅಮ್ಮ ಅಂತ ಕರೀಬಾರ್ದಾ?"

"ಅದಂತೂ ಬೇಡವೇ ಬೇಡ. ಅವರು ಮೊದಲು ಕಲಿಯೋದೇ ಅದನ್ನ."

ದ್ರೀಸ್ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತಾರೆ, ನಾನು ಕ್ಷೌರಿಕರ ಮುಖ ನೋಡುತ್ತೇನೆ. ತೂದಾ ಕಂಬಿಯ ತುದಿಗೆ ಹೋಗಿ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು ಕತ್ತಲೆಗೆ ಕರೆಯತೊಡಗುತ್ತಾರೆ.

"ಜರಡೀ! ಒಲೆಗುಂಡೂ! ಉಪ್ಪಿನ ಕುಡಿಕೇ!"

ಒಂದೊಂದು ಕರೆಯ ನಂತರವೂ ಕಿವಿಗೊಡುತ್ತಾರೆ. ಇವೆಲ್ಲ ತೂದಾರ ತಾಯಿಯ ಕಾಲದಲ್ಲಿ ಮಣ್ಣಿಗೆ ಇಳಿದವರ ಹೆಸರುಗಳು. ತಲೆ ಬಾಚುವಾಗ ತಾಯಿ ಹೇಳುತ್ತಿದ್ದದ್ದು. ಅದರಲ್ಲಿ ಹಾಜ್ಜಾರದ್ದು ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ. "ಬೀಸೋ ಕಲ್ಲೂ! ಮಡಕೆ ಮುಚ್ಚಳಾ!" ಅಳುತ್ತಿದ್ದಾರೆ, ಅಳುತ್ತಲೇ ಇಡೀ ಅಡುಗೆಮನೆಯನ್ನು ಕರೆಯುತ್ತಿದ್ದಾರೆ. ಒಬ್ಬ ಮಗನ ತಾಯಿ ನೀರುಗುಂಡಿಯ ಪಕ್ಕದಲ್ಲೆಲ್ಲೋ ಇರುವಾಗ ಇದೆಂಥ ಹುಚ್ಚು ಎಂದು ನನಗೆ ಅನಿಸದೆ ಇರಲಿಲ್ಲ, ಸುಳ್ಳೇಕೆ ಹೇಳಲಿ.

ಇನ್ನೊಂದು ಹೆಸರು ಕರೆಯುತ್ತಾರೆ. ಅದನ್ನಿಲ್ಲಿ ಬರೆಯುವುದಿಲ್ಲ.

"ಯಾರದು?" ಕತ್ತಲೆಯಿಂದ ಒಂದು ಸಣ್ಣ ದನಿ, ಬೆಟ್ಟದ ಮಾತಿನಲ್ಲಿ.

ತೂದಾ ತಮ್ಮ ಗವಿಹೆಸರನ್ನು ಹೇಳಿ, ತಾಯಿಯ ಗವಿಹೆಸರನ್ನೂ ಹೇಳುತ್ತಾರೆ.

"ಅವಳ ಮಗಳಾ ನೀನು? ಅವಳು ನನ್ನ ಜಡೆ ಎಳೀತಿದ್ಲು, ಮುಂಡೇದು! ದೀಪ ಹಿಡಿ, ಕಾಲು ಜೋಮು ಹಿಡಿದಿದೆ."

ಹಾಜ್ಜಾ ಕೂತಿದ್ದದ್ದು ಹಳೆಯ ಮಣ್ಣಿನ ಗುಣಿಯಲ್ಲಿ, ಬಂಡೆಯೊಂದರ ಮರೆಯಲ್ಲಿ. ಗುಂಡಿಯ ಅಂಚು ಹಿಡಿದು ಸುತ್ತಿ ಹೋಗುವ ಹಳೆಯ ಕಾಲುದಾರಿಯಲ್ಲಿ, ಚಿಕ್ಕಂದಿನ ನೆನಪಿನ ಮೇಲೆ, ತಡವಿಕೊಂಡೇ ನಡೆದಿದ್ದರು. ತೂದಾ ಟಾರ್ಚ್ ಹಿಡಿದು ಅದೇ ದಾರಿಯಲ್ಲಿ ಕೈಹಿಡಿದು ಕರೆತರುವಾಗ ನಾನು ಕಣ್ಣಾರೆ ಕಂಡೆ: ಮಗನ ದನಿಗೆ ಓಗೊಟ್ಟು ನೆಟ್ಟಗೆ ಅವರ ಕಡೆ ನಡೆದಿದ್ದರೆ ನಡುವೆ ಇದ್ದದ್ದು ಆ ನೀರು. ಹಾಗಾದರೆ ಆ ಪದ್ಧತಿ ಆಕೆಯನ್ನು ಅಡಗಿಸಿಟ್ಟಿತೋ, ಉಳಿಸಿತೋ? "ಎರಡೂ," ಎನ್ನುತ್ತಾರೆ ಕ್ಷೌರಿಕರು. ಅದು ಉತ್ತರವೇ ಅಲ್ಲ ಎಂದು ನನಗನಿಸುತ್ತದೆ.

ಮೇಲೆ ಚಹಾದ ಗುಡಿಸಲಿನಲ್ಲಿ ಪುದೀನ ಹಾಕಿದ ಚಹಾ, ಬಾರ್ಲಿ ರೊಟ್ಟಿ, ಎಣ್ಣೆ. ದ್ರೀಸ್ ತಾಯಿಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದಾರೆ.

"ಯಾಕಮ್ಮಾ ಓಗೊಡಲಿಲ್ಲ? ನನ್ನ ದನಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣೋ. ಅದಕ್ಕೇ ಓಗೊಡಲಿಲ್ಲ. ಥೇಟ್ ನಿನ್ನ ಹಾಗೇ ಇತ್ತು."

ಒಂಬತ್ತರ ವಯಸ್ಸಿಗೆ ಫೆಸ್‌ನ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಬಂದದ್ದು, ಅಲ್ಲಿ ಜ್ಹೂರ್ ಎಂದು ಹೊಸ ಹೆಸರಿಟ್ಟದ್ದು, ಗುಡ್ಡದ ಮಾತಾಡಿದರೆ ನಗುತ್ತಿದ್ದರೆಂದು ಬಿಟ್ಟುಬಿಟ್ಟದ್ದು, ಮುಂದೆ ಆ ಮನೆಗೇ ಸೊಸೆಯಾದದ್ದು, ಎಲ್ಲವನ್ನೂ ಹಾಜ್ಜಾ ರೊಟ್ಟಿ ಅದ್ದಿಕೊಂಡು ತಿನ್ನುತ್ತಲೇ ಹೇಳುತ್ತಾರೆ, ಪಕ್ಕದ ಮನೆಯವರ ಸುದ್ದಿಯೆಂಬಂತೆ. ಮಗ ಅಳುತ್ತಾನೋ ಸಿಟ್ಟಾಗುತ್ತಾನೋ ಎಂದು ಕಾಯುತ್ತಿದ್ದೇನೆ. ದ್ರೀಸ್ ಪಾದ ಉಜ್ಜುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಕಾರು ಹೋದ ಮೇಲೆ ತೂದಾ ಲೋಟ ತೊಳೆಯುತ್ತ ಹೇಳುತ್ತಾರೆ, "ಇವತ್ತಿಂದ ಹೆಸರು ಕೊಡೋದೇ."

"ಕೆಲಸ ಹೋದ್ರೆ?"

"ಹೋಗ್ಲಿ ಅನ್ನೋಷ್ಟು ಧೈರ್ಯ ನಂಗೂ ಇಲ್ಲ ತಂಗಿ. ಕಾಯಂ ಆಗ್ಬೇಕು ಅಂತ ಆಸೆ ಹಾಗೇ ಇದೆ. ಆದ್ರೂ ಕೊಡ್ತೀನಿ. ಎಲ್ಲಾ ಬರೀರಿ, ಜರಡಿ, ಒಲೆಗುಂಡು, ಪರವಾಗಿಲ್ಲ, ಅವರೆಲ್ಲ ತೀರ್ಕೊಂಡಿದ್ದಾರೆ. ಹಾಜ್ಜಾ ಹೆಸರು ಮಾತ್ರ ಹಾಕ್ಬೇಡಿ."

"ಪೇಪರ್‌ನಲ್ಲಿ ಬಂದ್ರೆ ಏನಾಗುತ್ತೆ?"

"ಪೇಪರು ಯಾರ್ಯಾರ ಕೈಗೆ ಹೋಗುತ್ತೋ." ತೂದಾ ಲೋಟ ಬೋರಲು ಹಾಕುತ್ತಾರೆ. "ವಸಂತಕ್ಕೆ ಮತ್ತೆ ಬರ್ತೀನಿ ಅಂದಿದ್ದಾಳೆ. ಅವಳನ್ನ ಮೇಲೆ ಕರ್ಕೊಂಡು ಬರೋಕೆ ನನ್ನ ಹತ್ರ ಇರೋದು ಆ ಹೆಸರೊಂದೇ."