ಬಸಲಿಂಗವ್ವನ ನೀಲಿ ಕೊಡ

ಬಸಲಿಂಗವ್ವ ಕೊಡ ತಿಕ್ಕಲು ಕೂತರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಒಲೆಯ ಬೂದಿ, ಮಲಪ್ರಭೆಯ ಮರಳು, ಒಂದು ಹಿಡಿ ತೆಂಗಿನ ನಾರು, ಇಷ್ಟೇ ಆಕೆಯ ಸಾಮಾನು. ಹಿತ್ತಾಳೆಯಲ್ಲಿ ತನ್ನ ಮೂಗುಬೊಟ್ಟು ಕಾಣುವ ತನಕ ಕೈ ಬಿಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಚೊಳಚಗುಡ್ಡದ ಸಾಲೆಗೆ ಶಿಕ್ಷಕಿಯಾಗಿ, ಊರವರ ಮಾತಿನಲ್ಲಿ 'ಬಾಯಾರ' ಆಗಿ, ಬಂದಾಗ ಪಕ್ಕದ ಮನೆ ಆಕೆಯದು. ಗಂಡ ತೀರಿಕೊಂಡಿದ್ದ. ಎರಡು ಎಮ್ಮೆ ಕಟ್ಟಿಕೊಂಡು, ದಿನಾ ಮುಂಜಾನೆ ಹಾಲಿನ ಕೊಡ ತಲೆಯ ಮೇಲಿಟ್ಟು ಹತ್ತಿರದ ಬನಶಂಕರಿಯ ಮನೆಮನೆಗೆ ಹಾಕಿ ಬರುತ್ತಿದ್ದಳು. "ನನ್ನ ಹಾಲಾಗ ಒಂದ ಕಸಾ ತೋರಸ್ರಿ, ನನ್ನ ಹೆಸರ ಬದಲಮಾಡ್ರಿ" ಎನ್ನುವುದು ಆಕೆಯ ಮಾತು. ಉಳಿದವರ ಹಾಲನ್ನು ಸೋಸುತ್ತಿದ್ದ ಹೆಂಗಸರು ಬಸಲಿಂಗವ್ವನ ಹಾಲನ್ನು ಹಾಗೇ ಒಲೆಗೆ ಇಡುತ್ತಿದ್ದರು. ಆಕೆಯ ದೊಡ್ಡಸ್ತಿಕೆಯೆಲ್ಲ ಅದರಲ್ಲೇ ಇತ್ತು.

ಅಂಥವಳಿಗೆ ಪ್ಲಾಸ್ಟಿಕ್ ಕೊಡ ತಂದುಕೊಟ್ಟ ಶಾಣ್ಯಾಕಿ ನಾನೇ. ಹಿತ್ತಾಳೆ ಹೊತ್ತು ಹೊತ್ತು ಆಕೆಯ ಕುತ್ತಿಗೆ ಹಿಡಿದುಕೊಂಡಿತ್ತು. ಬಾಗಲಕೋಟೆಯಿಂದ ಒಂದು ನೀಲಿ ಕೊಡ ತಂದು, "ತಗೋ ಬೇ, ತುಕ್ಕ ಹಿಡಿಯಂಗಿಲ್ಲ, ನೆಗ್ಗಂಗಿಲ್ಲ, ಸವೆಯಂಗಿಲ್ಲ" ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದೆ.

ಆಕೆ ಬೆರಳಿನಿಂದ ಬಡಿದು ನೋಡಿದಳು. "ದನಿನ ಇಲ್ಲಲ್ರೀ ಬಾಯಾರ ಇದಕ್ಕ. ಇರ್ಲಿ, ಹಗೂರೈತಿ."

ಕೈಗೆ ಹತ್ತಿದ ರೂಢಿ ಎಲ್ಲಿ ಹೋದೀತು? ಹಿತ್ತಾಳೆಯಂತೆಯೇ ಅದನ್ನೂ ಒಳಗೆ ಹೊರಗೆ ಮರಳು ಹಾಕಿ ತಿಕ್ಕಿದಳು, ಬಿಸಿಲಿಗೆ ಬೋರಲು ಹಾಕಿದಳು. ಅದು ಹೊಳೆಯುವ ಬದಲು ಮಂಕಾಯಿತು. ಮಂಕಾಯಿತೆಂದು ಇನ್ನೂ ಜೋರಾಗಿ ತಿಕ್ಕಿದಳು. ನಾನು ನೋಡಿ ನಕ್ಕೆನೇ ಹೊರತು ಬೇಡ ಅನ್ನಲಿಲ್ಲ.

ಎರಡು ಬೇಸಿಗೆ ಕಳೆದವು. ಒಂದು ಮುಂಜಾನೆ ಬನಶಂಕರಿಯ ಖಾನಾವಳಿಯಾಕೆ ಗೌರವ್ವ, ಯಾಕೋ ಏನೋ, ಆಕೆಯ ಹಾಲನ್ನು ಅರಿವೆಯಲ್ಲಿ ಸೋಸಿದಳು. ಬಿಳಿ ಅರಿವೆಯ ಮೇಲೆ ಸಾಸಿವೆಗಿಂತ ಸಣ್ಣ ನೀಲಿ ಚೂರುಗಳು.

"ಇದೇನ ಬೇ ಬಸಲಿಂಗವ್ವಾ?"

ಬೈಗುಳವಲ್ಲ, ಬರೀ ಪ್ರಶ್ನೆ. ಆದರೂ ಬಸಲಿಂಗವ್ವ ಉಳಿದ ಮನೆಗಳಿಗೆ ಹಾಲು ಹಾಕದೆ ಹಿಂದಿರುಗಿದಳು. ಹಾಲನ್ನೆಲ್ಲ ತಿಪ್ಪೆಗೆ ಸುರಿದು, ಕೊಡದೊಳಗೆ ಕೈ ಆಡಿಸಿ, ನನ್ನನ್ನು ಕರೆದು ಅಂಗೈ ತೋರಿಸಿದಳು. ಗೆರೆಗಳಲ್ಲಿ ನೀಲಿ ಹುಡಿ ಕೂತಿತ್ತು.

"ಸವೆಯಂಗಿಲ್ಲ ಅಂದಿದ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಷ್ಟು ನಾಚಿಕೆಯಾಯಿತು.

"ದಿನಾ ತೊಳದ ನೀರು ಹೊಳಿಗೇ ಹೋತಲ್ರೀ. ಮಣ್ಣಿನ ಗಡಗಿ ಸವದ್ರ ಮಣ್ಣಾಗತೈತಿ. ಇದು ಸವದ್ರ ಏನಾಗತೈತಿ?"

ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಅದು ಇರಲಿಲ್ಲ.

ಮರುದಿನ ಹಿತ್ತಾಳೆ ಕೊಡ ಹೊತ್ತು ಒಂದೊಂದೇ ಬಾಗಿಲಿಗೆ ಹೋಗಿ, "ತಪ್ಪ ನಂದೈತ್ರೀ" ಎಂದು ತಾನೇ ಹೇಳಿ ಬಂದಳು. ಕೊಡ ತಂದುಕೊಟ್ಟವಳ ಹೆಸರು ಮಾತ್ರ ಎಲ್ಲೂ ಎತ್ತಲಿಲ್ಲ. ಯಾರೂ ಹಾಲು ಬಿಡಿಸಲಿಲ್ಲ. ಆದರೆ ಅಂದಿನಿಂದ ಎಲ್ಲರೂ ಆಕೆಯ ಎದುರಿಗೇ ಅರಿವೆ ಹಿಡಿದು ಸೋಸತೊಡಗಿದರು. ಆಕೆ ಆ ಹೊತ್ತಿಗೆ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದಳಂತೆ.

ನೀಲಿ ಕೊಡವನ್ನು ಹೊಳೆಗೆ ಒಗೆ ಎಂದರು ಜನ. "ಹೋದದ್ದ ಸಾಕು" ಎಂದು ಆಕೆ ಅದನ್ನು ಮನೆಯ ಮಣ್ಣಿನ ಮಾಳಿಗೆಯ ಮೇಲಿಟ್ಟಳು. ಮೂರು ವರ್ಷ ಬಿಸಿಲು ತಿಂದಿತು.

ಹುನಗುಂದಕ್ಕೆ ವರ್ಗವಾಗಿ, ಹೇಳಿ ಹೋಗೋಣವೆಂದು ಹೋದಾಗ ಬಸಲಿಂಗವ್ವ ಮಾಳಿಗೆಯ ಮೇಲೆ ಜರಡಿ ಹಿಡಿದು ಕೂತಿದ್ದಳು. ಕೊಡ ಹಪ್ಪಳದಂತೆ ಮುರಿದು ಬಿದ್ದಿತ್ತು. ಮಾಳಿಗೆಯ ಮಣ್ಣು ಜರಡಿ ಹಿಡಿದು ನೀಲಿ ಚೂರುಗಳನ್ನು ಒಂದು ಮಣ್ಣಿನ ಗಡಿಗೆಗೆ ತುಂಬುತ್ತಿದ್ದಳು.

"ಮಳಿ ಬಂದ್ರ ಹೊಳಿ ಸೇರತೈತ್ರೀ."

"ಇನ್ನ ಎಷ್ಟೈತಿ ಬೇ?"

"ಎಲ್ಲಿ ಮುಗೀತೈತ್ರೀ? ಒಂದ ಹಿಡದ್ರ ನಾಕ ಆಗತೈತಿ. ಇದಕ್ಕ ಸಾವಿಲ್ಲ, ಬರೇ ಸಣ್ಣದಾಗೂದು."

ಮಧ್ಯಾಹ್ನದ ತನಕ ನಾನೂ ಕೂತು ಆರಿಸಿದೆ. ಜರಡಿಯ ಕಣ್ಣಿನಿಂದ ಜಾರಿದ್ದನ್ನು ಇಬ್ಬರೂ ನೋಡಿದೆವು. ಹೊರಡುವಾಗ ಆಕೆ ಗಡಿಗೆಯ ಬಾಯಿಗೆ ಅರಿವೆ ಕಟ್ಟಿ ನನ್ನ ಕೈಗಿಟ್ಟಳು.

"ನೀವ ತಂದದ್ದು, ನೀವ ಒಯ್ರಿ."

ನಗುತ್ತಲೇ ಅಂದಳು. ಮುಂದಿನ ವರ್ಷ ಆಕೆ ತೀರಿಕೊಂಡ ಸುದ್ದಿ ಬಂತು. ಹುನಗುಂದದಲ್ಲಿ ಎರಡು ಬಾಡಿಗೆ ಮನೆ ಬದಲಿಸಿದೆ. ಎರಡೂ ಸಲ ಆ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂಡಿ ಹತ್ತಿದೆ. ಅದನ್ನು ಎಲ್ಲಿ ಸುರಿಯಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ.