ಕಾಕಾ ಬಿಗಿದ ಸ್ಕ್ರೂ

ನವಲಗುಂದದಲ್ಲಿ ಬೈಕ್ ಪಂಕ್ಚರ್ ಆಯಿತು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಪಂಕ್ಚರ್ ತೆಗೆಯುವ ಕಾಕಾ, ಸೀಟಿನ ಮೇಲೆ ಬಿಟ್ಟಿದ್ದ ನನ್ನ ಪ್ರಯೋಗದ ಉಕ್ಕಿನ ಡಬ್ಬಿ ಹಿಡಿದು ನಿಂತಿದ್ದರು.

"ನಾಕೂ ಸ್ಕ್ರೂ ಸಡ್ಲ ಇದ್ವುರಿ ಸರ. ಟೈಟ್ ಮಾಡೀನಿ."

ಡಬ್ಬಿ ಕಸಿದುಕೊಂಡೆ. ಒಳಗೆ ಎರಡು ವಜ್ರಗಳ ನಡುವೆ ಔಷಧದ ಒಂದು ಹರಳಿತ್ತು. ಸ್ಕ್ರೂ ಬಿಗಿದಷ್ಟೂ ಒತ್ತಡ ಏರಿ, ಅದರ ಅಣುಗಳು ಬೇರೆ ರೀತಿ ಜೋಡಿಸಿಕೊಳ್ಳಬೇಕಿತ್ತು. ವಜ್ರ ಒಡೆದೀತೆಂದು ಹೆದರಿ ಎರಡು ತಿಂಗಳಿಂದ ಕೂದಲೆಳೆಯಷ್ಟೇ ತಿರುವುತ್ತಿದ್ದೆ.

ಮಸೂರ ಹಿಡಿದು ಇಣುಕಿದೆ. ವಜ್ರಗಳು ನೆಟ್ಟಗಿದ್ದವು. ಹಳದಿ ಹರಳು ಕೆಂಪಗಾಗಿತ್ತು! ನಾನು ಕಾಯುತ್ತಿದ್ದ ಹೊಸ ಜೋಡಣೆ ಅದೇ.

"ಕೆಟ್ಟ ಹೋತೇನ್ರಿ? ಸಡ್ಲ ಮಾಡ್ಲೇನ್ರಿ?" ಕಾಕಾನ ಮುಖ ಬಾಡಿತ್ತು.

"ಬ್ಯಾಡ್ರಿ ಕಾಕಾ, ಅಗದಿ ಚಲೋ ಆಗೇತಿ. ಎಷ್ಟು ತಿರುವಿದ್ರಿ?"

"ಕೈ ಸಾಕಂತು, ಬಿಟ್ಟೆನ್ರಿ."

ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದ್ದೇನೆ. ನಮ್ಮ ಪಿಎಚ್‌ಡಿ ಗೈಡ್ ಇನ್ನೂ ಸಹಿ ಹಾಕಿಲ್ಲ.