ಓಣಿ ಬಿಡದ ಡಂಗುರ

ನುಡಿಯನ್ನೂ ನುಡಿವ ನಾಲಗೆಯನ್ನೂ ಕರುಣಿಸಿದ ಭಗವಂತನಿಗೆ ಮೊದಲು ನಮಸ್ಕಾರ.

ಕನಕಗಿರಿ ಸೀಮೆಯ ನಮ್ಮೂರಿನಲ್ಲಿ ಈಚಿನವರೆಗೂ ಡಂಗುರ ಸಾರುವ ಹಿರಿಯರೊಬ್ಬರಿದ್ದರು. ಹನುಮಂತದೇವರ ಗುಡಿಯ ಮುಂದೆ ಚಪ್ಪಲಿ ಕಳಚಿ, ಬಾರಿಸುವ ಚರ್ಮದ ಹಲಗೆಯನ್ನು ಹಣೆಗೆ ಮುಟ್ಟಿಸಿಕೊಂಡೇ ಹೊರಡುವರು. ಯಾವ ಓಣಿಯನ್ನೂ ಬಿಡಬಾರದು, ಹೇಳಿಕಳಿಸಿದ ಮಾತಿಗೆ ಏನನ್ನೂ ಸೇರಿಸಬಾರದು ಎಂಬುದು ಅವರ ನೇಮ. ಯಾರು ಏನು ಕೇಳಿದರೂ “ಹೇಳಿದ್ದು ಹೇಳೀನ್ರಿ” ಎಂದು ನಗುವರು.

ಸರ್ಕಾರ ಸಾಲ ಮಾಡಿ ದುಂದು ಮಾಡುತ್ತದೆಂದು ಕಟ್ಟೆಯ ಮೇಲೆ ಗುಡುಗುತ್ತಿದ್ದವರೊಬ್ಬರು ಪಂಚಾಯಿತಿ ಅಧ್ಯಕ್ಷರಾದರು. ಆದ ಮೇಲೆ ತಮ್ಮ ಹೆಸರಿನ ಸ್ವಾಗತ ಕಮಾನು ಕಟ್ಟಿಸಲು ಹೊರಟರು. ಬೊಕ್ಕಸ ಖಾಲಿಯೆಂದೂ, ಕಮಾನಿಗಾಗಿ ಮನೆ ತೆರಿಗೆ ಕಟ್ಟಬೇಕೆಂದೂ, ಕಟ್ಟದವರ ನೀರಿನ ನಳ ಕಡಿಯುವರೆಂದೂ ಕೂಲಿಯವರ ಓಣಿಯಲ್ಲಷ್ಟೇ ಸಾರಲು ಹಿರಿಯರಿಗೆ ಹೇಳಿದರು.

ಹಿರಿಯರ ಹಲಗೆ ಮೊದಲು ನುಡಿದದ್ದು ಅಧ್ಯಕ್ಷರ ಬಾಗಿಲಲ್ಲಿ: “ಬೊಕ್ಕಸ ಖಾಲಿ ಐತ್ರಪೋ! ಕಮಾನಿಗೆ ರೊಕ್ಕ ಬೇಕು, ತೆರಿಗಿ ಕಟ್ರಿ! ಕಟ್ಟದವರ ನಳ ಕಡೀತಾರ!”

ಅಧ್ಯಕ್ಷರು ಹೊರಬಂದರು. “ಇಲ್ಲ್ಯಾಕ ಬಾರಸ್ತಿ ಕಾಕಾ? ನಾಳಿಂದ ಆಟೋಕ್ಕ ಮೈಕ್ ಕಟ್ಟಿಸ್ತೀನಿ. ನಿನ್ನ ಹಲಗಿ ಗ್ವಾಡಿಗೆ ನೇತು ಹಾಕು.”

“ಕಟ್ಟಸ್ರಿ ಅಧ್ಯಕ್ಷರ. ಹೇಳಿದ್ದು ಹೇಳೀನ್ರಿ. ಓಣಿ ಬಿಟ್ರ ಅದು ಡಂಗುರ ಆಗೂದಿಲ್ರಿ.”

ಅಧ್ಯಕ್ಷರ ತಾಯಿ ಹೊಸ್ತಿಲಲ್ಲೇ ನಿಂತು ಮಗನನ್ನು ಕೇಳಿದರು: “ನಮ್ಮನಿ ತೆರಿಗಿ ಕಟ್ಟೀಯೇನಪಾ?”

ಮರುದಿನ ಪಂಚಾಯಿತಿಗೆ ಮೊದಲ ತೆರಿಗೆ ಅಧ್ಯಕ್ಷರ ಮನೆಯಿಂದಲೇ ಬಂತು. ಕಮಾನಿನ ಮಾತು ನಿಂತಿತು, ಹಲಗೆ ನಿಲ್ಲಲಿಲ್ಲ.

ಅಂಥವರ ಊರಿನವನು ನಾನೆಂಬ ಹೆಮ್ಮೆ ನನಗಿದೆ. ಕೇಳಿದ ಆ ತಾಯಿಗೂ, ಕಟ್ಟಿದ ಮಗನಿಗೂ, ಓಣಿ ಓಣಿಗೆ ನಡೆದ ಆ ಪಾದಗಳಿಗೂ ಹನುಮಂತದೇವರು ಒಳಿತನ್ನೇ ಮಾಡಲಿ.